ರಾತ್ರಿಯಿಡೀ ಯಕ್ಷಗಾನ ಆಟದ ಲೈವ್‌ಗೆ ಯಾವ ರೀಚಾರ್ಜ್ ಹಾಕಿಸೋದು?

ಮೊದಲೇ ಹೇಳಿಬಿಡುತ್ತೇನೆ: ನನ್ನ ಕೆಲಸಕ್ಕೆ ಒದಗಿದ್ದು ಜಿಯೋದ 859 ರೂಪಾಯಿ ಪ್ಲಾನ್. ದಿನಕ್ಕೆ 2 ಜಿಬಿ, 84 ದಿನ. ಹಾಗಂತ ಕಣ್ಣುಮುಚ್ಚಿ ನೀವೂ ಅದನ್ನೇ ಹಾಕಿಸಿಕೊಳ್ಳಬೇಡಿ. ನನಗೆ ಉಪಯೋಗಕ್ಕೆ ಬಂದದ್ದು ಆ 2 ಜಿಬಿಗಿಂತ ಹೆಚ್ಚಾಗಿ ಅದರ ಜೊತೆ ಬರುವ 5ಜಿ. ನೀವು ಫೋನ್ ಇಡುವ ಜಾಗದಲ್ಲಿ 5ಜಿ ನಿಲ್ಲದಿದ್ದರೆ ಇದೂ ಒಂದು ಸಾಧಾರಣ ಪ್ಲಾನ್, ಅಷ್ಟೇ.

ನಾನು ಕುಂದಾಪುರದ ಒಳನಾಡಿನಲ್ಲಿ ಲೈವ್ ಮಾಡುವವನು. ಮದುವೆ, ಉಪನಯನ, ಗೃಹಪ್ರವೇಶ, ಜೊತೆಗೆ ಹರಕೆ ಆಟ, ಅಂದರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನ. ಎರಡು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಹಾಟ್‌ಸ್ಪಾಟ್‌ಗೆಂದೇ ಇಟ್ಟುಕೊಂಡ ಒಂದು ಫೋನ್. ಮದುವೆ ಹಾಲ್‌ಗಳಲ್ಲಿ ವೈಫೈ ಇರುತ್ತದೆ, ಪಾಸ್‌ವರ್ಡ್ ಗೊತ್ತಿರುವ ಮ್ಯಾನೇಜರ್ ಮಾತ್ರ ಯಾವಾಗಲೂ ಊಟಕ್ಕೆ ಹೋಗಿರುತ್ತಾರೆ. ಹರಕೆ ಆಟದ ಕತೆಯೇ ಬೇರೆ. ಮೇಳ, ಅಂದರೆ ಯಕ್ಷಗಾನದ ತಂಡ, ಬರುವುದು ಹರಕೆ ಹೊತ್ತವರ ಮನೆಗೆ. ಮನೆ ಇರುವುದು ತೋಟದ ಬುಡದಲ್ಲೋ ಗುಡ್ಡದ ಮರೆಯಲ್ಲೋ. ಆ ಮನೆಯ ಮಕ್ಕಳು ಬೆಂಗಳೂರು, ದುಬೈ, ಅಮೆರಿಕದಲ್ಲಿ. ಊರಿಗೆ ಬರಲಾಗದ ಅವರಿಗಾಗಿಯೇ ಈ ಲೈವ್.

ಲೆಕ್ಕ ಹೀಗಿದೆ. 720ಪಿಯಲ್ಲಿ ಸೆಕೆಂಡಿಗೆ 3 ಮೆಗಾಬಿಟ್ ಇಟ್ಟರೆ ಗಂಟೆಗೆ 1.35 ಜಿಬಿ ಹೋಗುತ್ತದೆ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮುಗಿಯುವ ಆಟಕ್ಕೆ ಸುಮಾರು ಹನ್ನೊಂದೂವರೆ ಜಿಬಿ ಬೇಕು. ದಿನಕ್ಕೆ 2 ಜಿಬಿಯ ಸಿಮ್‌ನಲ್ಲಿ ರಾತ್ರಿ ಹನ್ನೆರಡರೊಳಗೆ 2, ಅದು ದಾಟಿದ ಮೇಲೆ ಹೊಸ ದಿನದ್ದು 2, ಒಟ್ಟು 4 ಸಿಗುತ್ತದೆ. ಕಾಲಮಿತಿ ಆಟವಾದರೆ ಏಳಕ್ಕೆ ಶುರುವಾಗಿ ಹನ್ನೊಂದಕ್ಕೆ ಮಂಗಳ, ಅದಕ್ಕೆ ಐದೂವರೆ ಜಿಬಿಯೊಳಗೆ ಸಾಕು. ಆದರೆ ಎಲ್ಲವೂ ಒಂದೇ ದಿನದ ಲೆಕ್ಕಕ್ಕೆ ಬೀಳುವುದರಿಂದ ಸಿಗುವುದು 2 ಮಾತ್ರ.

ಉಳಿದದ್ದಕ್ಕೆ ಡೇಟಾ ವೋಚರ್ ಇದೆಯಲ್ಲ ಅನ್ನಬಹುದು. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳೆಲ್ಲ ಒಟ್ಟಿಗೆ ದರ ಏರಿಸಿದಾಗಿನ ಪಟ್ಟಿಯಲ್ಲಿ ಜಿಯೋದ 6 ಜಿಬಿಗೆ 69 ರೂಪಾಯಿ, ಏರ್‌ಟೆಲ್‌ನ 4 ಜಿಬಿಗೆ 77. ಒಂದು ರಾತ್ರಿಗೆ ನೂರು, ನೂರೈವತ್ತು. ಮದುವೆಯವರ ಬಿಲ್ಲಿಗೆ ಇದನ್ನು ಸೇರಿಸಿದರೆ ಯಾರೂ ಕೇಳುವುದಿಲ್ಲ. ಹರಕೆ ಆಟದ ಮನೆಯವರು ಮೇಳಕ್ಕೆ, ಚಪ್ಪರಕ್ಕೆ, ಊಟಕ್ಕೆ ಖರ್ಚು ಮಾಡಿ ಸುಸ್ತಾಗಿರುತ್ತಾರೆ, ಅವರ ಹತ್ತಿರ ವೋಚರ್ ದುಡ್ಡು ಕೇಳಲು ನನಗೆ ಬಾಯಿ ಬರುವುದಿಲ್ಲ. 480ಪಿಗೆ ಇಳಿಸಿದರೆ ಡೇಟಾ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ನಿಜ. ಆದರೆ ವೇಷಧಾರಿ ಗಿರಗಿರ ತಿರುಗುತ್ತ ಧೀಂಗಿಣ ಹೊಡೆಯುವಾಗ ತಲೆಯ ಮೇಲಿನ ಕೇದಗೆ ಮುಂದಲೆ, ಮುಖ, ಹಿಂದಿನ ಪರದೆ ಎಲ್ಲ ಕಲಸಿ ಚೌಕ ಚೌಕವಾಗಿ ಕಾಣುತ್ತದೆ. ಅಂಥ ವಿಡಿಯೊಗೆ ನನ್ನ ಹೆಸರು ಹಾಕಲಾರೆ.

ಹಾಗಾಗಿ ಅನ್‌ಲಿಮಿಟೆಡ್ 5ಜಿ. ಮೊದಲು 239 ರೂಪಾಯಿಯ ಪ್ಲಾನ್‌ಗೂ ಇದು ಸಿಗುತ್ತಿತ್ತು. 2024ರ ಏರಿಕೆಯ ನಂತರ ಜಿಯೋ, ಏರ್‌ಟೆಲ್ ಎರಡರಲ್ಲೂ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗೆ ಮಾತ್ರ. ಒಂದೂವರೆ ಜಿಬಿಯದ್ದಕ್ಕೆ ಅರವತ್ತು ರೂಪಾಯಿ ಕಡಿಮೆ ಅಂತ ಹಾಕಿಸಿಕೊಂಡವರಿಗೆ ಫೋನ್ 5ಜಿಯದ್ದಾದರೂ ಆ ಸೌಲಭ್ಯವಿಲ್ಲ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ರೀಚಾರ್ಜ್ ಅಂಗಡಿಯವರು ಇದನ್ನು ಹೇಳುವುದಿಲ್ಲ. ಅನ್‌ಲಿಮಿಟೆಡ್ ಅನ್ನುವುದು ಫೋನ್ 5ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ. ಸಿಗ್ನಲ್ ಸ್ವಲ್ಪ ಇಳಿದು ಫೋನ್ 4ಜಿಗೆ ಹೋಯಿತೋ, ದಿನದ 2 ಜಿಬಿ ಕರಗಲು ಶುರು. ಒಮ್ಮೆ ಅಮಾಸೆಬೈಲು ಕಡೆಯ ಒಂದು ಆಟದಲ್ಲಿ ಚಪ್ಪರದ ಕಂಬಕ್ಕೆ ಫೋನ್ ಕಟ್ಟಿದ್ದೆ. ಯಾವ ಕಂಪನಿಯ ಸಿಮ್ ಅಂತ ಇಲ್ಲಿ ಬೇಡ. ಸಂಜೆ ಪರೀಕ್ಷೆ ಮಾಡಿದಾಗ 5ಜಿ ಚೆನ್ನಾಗಿಯೇ ಇತ್ತು. ಹತ್ತು ಗಂಟೆಗೆ ಜನ ಸೇರಿದರು, ಅರ್ಧದಷ್ಟು ಜನರ ಕೈಯಲ್ಲಿ ರೀಲ್ಸ್. ಹನ್ನೊಂದರ ಹೊತ್ತಿಗೆ ಡೇಟಾ ಅರ್ಧ ಮುಗಿದಿದೆ ಅಂತ ಮೆಸೇಜ್, ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಪೂರ್ತಿ ಮುಗಿದಿದೆ ಅಂತ ಇನ್ನೊಂದು. ಕೋಟಾ ಮುಗಿದ ಮೇಲೆ ಸಿಗುವ ವೇಗ 64 ಕೆಬಿಪಿಎಸ್. ನನಗೆ ಬೇಕಾದದ್ದರಲ್ಲಿ ನಲವತ್ತರಲ್ಲೊಂದು ಪಾಲೂ ಅಲ್ಲ. ಹಾಡುವ ಭಾಗವತರು ಏರುದನಿಯ ಪದ ಎತ್ತಿದ್ದರು. ದುಬೈಯಿಂದ ಮನೆಯ ದೊಡ್ಡ ಮಗನ ಫೋನ್: "ಹ್ವಾಯ್, ಎಂತ ಆಯ್ತ್? ಪದ್ಯ ಅರ್ಧಕ್ಕೇ ನಿಂತಿತಲೆ!"

ಆಮೇಲೆ ಕಂಡುಕೊಂಡ ದಾರಿಯೇ ನಾನು ಜಿಯೋ ಇಟ್ಟುಕೊಂಡಿರುವ ಕಾರಣ. ಜಿಯೋದ 5ಜಿ ಸ್ವತಂತ್ರ ಜಾಲ, 4ಜಿಯ ಆಸರೆ ಬೇಡ. ಏರ್‌ಟೆಲ್ ಮೊಬೈಲ್ 5ಜಿಯನ್ನು ಹೆಚ್ಚಾಗಿ 4ಜಿಯ ಹೆಗಲ ಮೇಲೆ ಕೂರಿಸಿಕೊಂಡು ಬಂದಿದೆ. ಮನೆ ಬಳಕೆಗೆ ಇದರಿಂದ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ. ನನ್ನಂಥವನಿಗೆ ಗೊತ್ತಾಗುತ್ತದೆ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಒತ್ತಿದರೆ ಒಂದು ಗುಪ್ತ ಮೆನು ತೆರೆಯುತ್ತದೆ. ಅದರಲ್ಲಿ 'ಎನ್‌ಆರ್ ಓನ್ಲಿ' (ಎನ್‌ಆರ್ ಅಂದರೆ 5ಜಿ) ಆರಿಸಿದರೆ, 4ಜಿಯ ಆಸರೆ ಬೇಡದ ಜಾಲದಲ್ಲಿ ಫೋನ್ 5ಜಿ ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ. ಸಿಗ್ನಲ್ ಪೂರ್ತಿ ಹೋದರೆ ಲೈವ್ ನಿಲ್ಲುತ್ತದೆ, ಆದರೆ ಕೋಟಾ ಕಳ್ಳತನವಾಗಿ ಖಾಲಿಯಾಗುವುದಿಲ್ಲ. ಕರೆ ಬರದೇ ಹೋಗಬಹುದು, ಹಾಟ್‌ಸ್ಪಾಟ್ ಫೋನ್‌ಗೆ ಯಾರು ಕರೆ ಮಾಡುತ್ತಾರೆ?

ಇನ್ನೊಂದು, ಜಿಯೋದ ಹತ್ತಿರ 700 ಮೆಗಾಹರ್ಟ್ಸ್ ಇದೆ. ಕಡಿಮೆ ಆವರ್ತನವಾದ್ದರಿಂದ ದೂರ ಹೋಗುತ್ತದೆ, ಗೋಡೆ, ಮರ ದಾಟುವುದರಲ್ಲೂ 3500 ಮೆಗಾಹರ್ಟ್ಸ್‌ಗಿಂತ ಮೇಲು. ನಮ್ಮ ಅಡಿಕೆ ತೋಟಗಳ ನಡುವೆ ಇದು ದೊಡ್ಡ ಮಾತು. ಆದರೆ ನಿಮ್ಮ ಫೋನ್‌ನಲ್ಲಿ ಎನ್28, ಅಂದರೆ ಈ 700ರ ಬ್ಯಾಂಡ್ ಇರಬೇಕು. ಶುರುವಿನ ಕೆಲವು ಅಗ್ಗದ 5ಜಿ ಫೋನ್‌ಗಳಲ್ಲಿ 3500ರ ಎನ್78 ಮಾತ್ರ ಇತ್ತು. ಹಳೇ ಫೋನನ್ನು ಹಾಟ್‌ಸ್ಪಾಟ್ ಮಾಡುವ ಆಲೋಚನೆ ಇದ್ದರೆ ಮೊದಲು ಅದನ್ನು ನೋಡಿ.

ಏರ್‌ಟೆಲ್‌ನಲ್ಲಿ ದಿನಕ್ಕೆ 2 ಜಿಬಿ, 84 ದಿನಕ್ಕೆ ಅದೇ ಪಟ್ಟಿಯಲ್ಲಿ 979. ನೂರಿಪ್ಪತ್ತು ಹೆಚ್ಚು. ನಿಮ್ಮ ಮನೆಗೆ ಹತ್ತಿರದ ಟವರ್ ಅವರದ್ದಾದರೆ ಆ ನೂರಿಪ್ಪತ್ತರ ಮುಖ ನೋಡಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದ ಪ್ರಕಾರ ಎಲ್ಲ ಕಂಪನಿಗಳೂ ಈಗ ತಮ್ಮ ವೆಬ್‌ಸೈಟ್‌ನಲ್ಲಿ ವ್ಯಾಪ್ತಿಯ ನಕ್ಷೆ ಹಾಕಲೇಬೇಕು. ನೋಡಿ, ಪೂರ್ತಿ ನಂಬಬೇಡಿ. ಜಾಗಕ್ಕೆ ಹೋಗಿ ಸ್ಪೀಡ್ ಟೆಸ್ಟ್ ಮಾಡುವಾಗ ದೊಡ್ಡಕ್ಷರದಲ್ಲಿ ಬರುವ ಡೌನ್‌ಲೋಡ್ ನೋಡಿ ಕುಣಿಯಬೇಡಿ. ಲೈವ್‌ಗೆ ಬೇಕಾದದ್ದು ಅಪ್‌ಲೋಡ್. 3 ಮೆಗಾಬಿಟ್ ಕಳಿಸಬೇಕಾದರೆ ಅಪ್‌ಲೋಡ್ 6ರ ಮೇಲೆ ಅಲುಗಾಡದೆ ನಿಂತಿರಬೇಕು. ಕಂಬದಲ್ಲಿ ಎರಡಾಳು ಎತ್ತರಕ್ಕೆ ಫೋನ್ ಏರಿಸಿದರೆ ಸಿಗುವ ಫಲ ಯಾವ ಪ್ಲಾನ್ ಬದಲಿಸಿದರೂ ಸಿಗದು. ಇಬ್ಬನಿಗೆ ಮೇಲೊಂದು ಪ್ಲಾಸ್ಟಿಕ್ ಇರಲಿ, ಕೆಳಗೆ ಗಾಳಿಯಾಡಲು ಬಿಡಿ. 5ಜಿ, ಹಾಟ್‌ಸ್ಪಾಟ್, ಪವರ್ ಬ್ಯಾಂಕ್ ಮೂರೂ ಸೇರಿದರೆ ಫೋನ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ.

ವಿಐ ಹೀರೋ ಪ್ಲಾನ್‌ಗಳನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗಿನ ಡೇಟಾ ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ವಾರದಲ್ಲಿ ಉಳಿಸಿದ್ದನ್ನು ಶನಿವಾರ, ಭಾನುವಾರ ಬಳಸಬಹುದು. ಯಾರೋ ಆಟದ ಹುಚ್ಚಿನವರೇ ಕೂತು ಮಾಡಿದ ಹಾಗಿದೆ ಈ ಪ್ಲಾನ್! ಇರುವ 4ಜಿಯಲ್ಲೇ ಇಷ್ಟು ಸಿಗುತ್ತದೆ. ಪೇಟೆಯ ಬದಿಯ ಆಟಗಳಿಗೆ, ಅವರ ಸಿಗ್ನಲ್ ಗಟ್ಟಿ ಇರುವಲ್ಲಿ, ನನ್ನ ಮೊದಲ ಆಯ್ಕೆ ಇದೇ ಆಗುತ್ತಿತ್ತು.

ಬಿಎಸ್‌ಎನ್‌ಎಲ್ ಸ್ವದೇಶಿ 4ಜಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಬೇರೆ ಯಾರ ಟವರೂ ಇಲ್ಲದ ಕಣಿವೆಗೆ ಹೋಗುವಾಗ ಎರಡನೇ ಸಿಮ್ ಅದು. ಅದಕ್ಕಿಂತ ದೊಡ್ಡ ಉಪಕಾರ ಅವರ ಫೈಬರ್‌ನದ್ದು. ತಿಂಗಳಿಗೆ 449 ರೂಪಾಯಿ ಮತ್ತು ತೆರಿಗೆಗೆ 3,300 ಜಿಬಿಯವರೆಗೆ. ಮೊಬೈಲ್ ಪ್ಲಾನ್‌ಗಳ ಇಷ್ಟೆಲ್ಲ ಲೆಕ್ಕಾಚಾರ ಇದರ ಮುಂದೆ ಸಪ್ಪೆ. ಮಕ್ಕಳು ಮನೆಯಿಂದಲೇ ಕಂಪನಿ ಕೆಲಸ ಮಾಡಿದ ಕಾಲದಿಂದ ಒಳನಾಡಿನ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ. ಆಟ ಒಪ್ಪಿಕೊಳ್ಳುವಾಗ ನಾನು ಮೊದಲು ಕೇಳುವುದೇ "ಮನೆಗೆ ಫೈಬರ್ ಉಂಟಾ?" ಅಂತ. ಇದ್ದರೆ ಐವತ್ತು ಮೀಟರ್ ಲ್ಯಾನ್ ವೈರ್ ಎಳೆದು, ರೂಟರನ್ನು ಇನ್ವರ್ಟರ್ ಪ್ಲಗ್‌ಗೆ ಹಾಕಿಸಿ, ಸಿಮ್ ಜೇಬಿನಲ್ಲಿಟ್ಟುಕೊಂಡು ವೇಷ ಕಟ್ಟುವ ಚೌಕಿಗೆ ಚಾ ಕುಡಿಯಲು ಹೋಗುತ್ತೇನೆ. ಮನೆಯಲ್ಲೇ ಕೂತು ಸಿನಿಮಾ ನೋಡುವವರು, ಆನ್‌ಲೈನ್ ಕ್ಲಾಸಿನ ಮಕ್ಕಳಿರುವವರು ಮೊಬೈಲ್‌ಗೆ ದೊಡ್ಡ ರೀಚಾರ್ಜ್ ಹಾಕಿಸುವುದು ನನಗಂತೂ ಅರ್ಥವಾಗದ ವಿಷಯ.

28 ದಿನದ ಪ್ಲಾನ್ ಬೇಡ. ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು. ಜಿಯೋದ 349ರದ್ದು ಹಾಗೆ ಹಾಕಿಸಿದರೆ 4,537 ರೂಪಾಯಿ, ಅದೇ ಇಡೀ ವರ್ಷದ್ದು 3,599, ಅದರಲ್ಲಿ ದಿನಕ್ಕೆ ಎರಡೂವರೆ ಜಿಬಿ. ಒಂದೇ ಊರಿನಲ್ಲಿದ್ದು ಸಿಗ್ನಲ್ ಗಟ್ಟಿ ಇರುವವರಿಗೆ ವರ್ಷದ್ದೇ ಲಾಭ. ನಾನು ಹಾಕಿಸುವುದಿಲ್ಲ. ನಡುವೆ ನಂಬರ್ ಪೋರ್ಟ್ ಮಾಡಿದರೆ ಉಳಿದ ದಿನಗಳ ದುಡ್ಡು ಹೋದ ಹಾಗೆಯೇ. ಮೇಳಗಳ ತಿರುಗಾಟವೂ ನವೆಂಬರ್‌ನಿಂದ ಮೇವರೆಗೆ. 84 ದಿನದ್ದು ಎರಡು ಸಲ, 1,718 ರೂಪಾಯಿಗೆ ತಿರುಗಾಟದ ಬಹುಭಾಗ ಮುಗಿಯುತ್ತದೆ.

ಮಳೆಗಾಲದಲ್ಲಿ ಹಾಟ್‌ಸ್ಪಾಟ್ ಸಿಮ್‌ಗೆ ಕೆಲಸವಿಲ್ಲ, ನಂಬರ್ ಮಾತ್ರ ಜೀವಂತ ಇರಬೇಕು. ಟ್ರಾಯ್ ಆದೇಶದ ನಂತರ ಬಂದ ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್‌ಎಂಎಸ್ ಪ್ಲಾನ್‌ಗಳು ಅದಕ್ಕೇ ಸರಿ. 2025ರ ಜನವರಿ ಕೊನೆಯ ಹೊತ್ತಿಗೆ 84 ದಿನಕ್ಕೆ ಜಿಯೋದ್ದು 448, ಏರ್‌ಟೆಲ್‌ನದ್ದು 469 ಇತ್ತು. ಈ ದರಗಳೆಲ್ಲ ಯಾವಾಗ ಬೇಕಾದರೂ ಬದಲಾಗುತ್ತವೆ, ಹಾಕಿಸುವ ಮೊದಲು ಆ್ಯಪ್‌ನಲ್ಲಿ ಒಮ್ಮೆ ನೋಡಿ. ಬರೀ ಕರೆಯ ಪ್ಲಾನ್‌ಗಳು ಆ್ಯಪ್‌ನ ಮೊದಲ ಪುಟದಲ್ಲಿ ಕಾಣದಿದ್ದರೆ ಕೆಳಗಡೆ ಹುಡುಕಿ.