ಬ್ಯಾಂಕಲ್ಲಿ ‘ಮಕ್ಕಳ ಎಜುಕೇಶನ್ ಪ್ಲಾನ್’ ಅಂತ ಕರೆದರೆ, ಸಹಿ ಹಾಕುವ ಮುಂಚೆ ಇದನ್ನು ಓದಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಊರಲ್ಲಿ ಯಾರಿಗೂ ಹೇಳಿಲ್ಲ. ನನ್ನ ತಮ್ಮನಿಗೂ ಪೂರ್ತಿ ಹೇಳಿಲ್ಲ. ಆದರೆ ಹೋದ ವಾರ ಪಕ್ಕದ ತೋಟದ ಹುಡುಗ ಬಂದಿದ್ದ. ಅವನಿಗೆ ಎರಡು ವರ್ಷದ ಮಗು. ‘ಅಣ್ಣಾ, ಬ್ಯಾಂಕಲ್ಲಿ ಮಗೂಗೆ ಒಂದು ಪ್ಲಾನ್ ಹೇಳ್ತಿದ್ದಾರೆ. ನೀವೂ ಮಾಡಿಸಿದ್ರಲ್ವಾ, ಹೇಗಿದೆ?’ ಅಂದ. ಇನ್ನು ಸುಮ್ಮನಿದ್ದರೆ ನಾನೂ ತಪ್ಪು ಮಾಡಿದ ಹಾಗೆ ಅನ್ನಿಸಿತು.

ನಮ್ಮದು ತಿಪಟೂರು ತಾಲ್ಲೂಕು. ಐದು ಎಕರೆ ತೆಂಗು, ಎರಡು ಹಸು. ಮಗಳು ಹುಟ್ಟಿದ್ದು 2006ರಲ್ಲಿ. ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ, 2012ರ ಜೂನ್. ಕೊಬ್ಬರಿ ಮಾರಿದ ದುಡ್ಡು ಅಕೌಂಟಿಗೆ ಬಂದಿತ್ತು. ಪಾಸ್‌ಬುಕ್ ಎಂಟ್ರಿ ಹಾಕಿಸೋಕೆ ಹೋದೆ. ಮ್ಯಾನೇಜರ್ ತಾವೇ ಒಳಗೆ ಕರೆದರು. ಕುರ್ಚಿ ಕೊಟ್ಟು ಕಾಫಿ ತರಿಸಿದರು. ಅಷ್ಟು ವರ್ಷ ಆ ಬ್ಯಾಂಕಿಗೆ ಹೋಗಿ ಬಂದಿದ್ದೇನೆ, ಕಾಫಿ ಕೊಟ್ಟಿದ್ದು ಅದೇ ಮೊದಲು. ಪಕ್ಕದಲ್ಲಿ ಟೈ ಕಟ್ಟಿಕೊಂಡ ಒಬ್ಬ ಹುಡುಗ ಕೂತಿದ್ದ.

‘ಸುಮ್ನೆ ಎಸ್‌ಬಿ ಅಕೌಂಟಲ್ಲಿ ದುಡ್ಡು ಇಟ್ಟಿದ್ದೀರಲ್ಲ ಯಜಮಾನ್ರೇ, ಮಗಳ ಓದಿಗೆ ಏನು ಮಾಡಿದ್ದೀರಿ?’ ಅಂತ ಅವನು ಶುರು ಮಾಡಿದ.

ಅವನು ಬ್ಯಾಂಕಿನವನೇ ಅಂದುಕೊಂಡೆ. ಮ್ಯಾನೇಜರ್ ಪಕ್ಕದಲ್ಲೇ ಕೂತವನು ಬ್ಯಾಂಕಿನವನಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ಅವನು ಇನ್ಶೂರೆನ್ಸ್ ಕಂಪನಿಯವನು. ಆ ವಿಷಯ ನನಗೆ ಗೊತ್ತಾಗಿದ್ದು ಹನ್ನೆರಡು ವರ್ಷ ಆದ ಮೇಲೆ.

ಬಣ್ಣದ ಬ್ರೋಷರ್ ತೆಗೆದು, ತಿರುಗಿಸಿ, ಖಾಲಿ ಇದ್ದ ಹಿಂಬದಿಯಲ್ಲಿ ನೀಲಿ ಪೆನ್ನಲ್ಲಿ ಬರೆದ. ವರ್ಷಕ್ಕೆ 50,000. ಗುಣಿಸು 12. ಆರು ಲಕ್ಷ. ಅಲ್ಲಿಂದ ಒಂದು ಬಾಣದ ಗುರುತು. ಆಮೇಲೆ 15 ಲಕ್ಷ. ಆ 15ರ ಸುತ್ತ ಎರಡು ಸಲ ಸುತ್ತು ಹಾಕಿದ. ‘ಎಫ್‌ಡಿ ಥರಾನೇ ಯಜಮಾನ್ರೇ, ಅದಕ್ಕಿಂತ ಜಾಸ್ತಿ. ಮಗಳಿಗೆ 18 ಆಗೋ ಹೊತ್ತಿಗೆ ಇಂಜಿನಿಯರಿಂಗ್ ಪೂರ್ತಿ ಇದರಲ್ಲೇ ಆಗುತ್ತೆ.’

ನಾನು ಒಂದೇ ಪ್ರಶ್ನೆ ಕೇಳಿದ್ದು. ‘ನಡುವೆ ನನಗೇನಾದರೂ ಆದರೆ ಕಂತು ಕಟ್ಟೋರು ಯಾರು?’ ಅಂತ. ‘ಕಂಪನಿಯೇ ಕಟ್ಟುತ್ತೆ. ಮನೆಯವರು ಒಂದು ರೂಪಾಯಿ ಕಟ್ಟೋ ಹಾಗಿಲ್ಲ. ಮಗಳಿಗೆ ಬರೋದು ಬಂದೇ ಬರುತ್ತೆ’ ಅಂದ. ಮ್ಯಾನೇಜರ್ ತಲೆ ಆಡಿಸಿದರು. ಆ ಮಾತಿಗೇ ನಾನು ಸಹಿ ಹಾಕಿದ್ದು. 15 ಲಕ್ಷಕ್ಕೂ ಅಲ್ಲ, ಆ ಮಾತಿಗೆ.

ಫಾರಂ ಇಂಗ್ಲಿಷಲ್ಲಿತ್ತು, ಖಾಲಿ ಇತ್ತು. ‘ನಾವು ತುಂಬಿಕೊಳ್ತೀವಿ, ನೀವು ಪೆನ್ಸಿಲ್ ಗುರುತು ಹಾಕಿರೋ ಕಡೆ ಸಹಿ ಮಾಡಿ’ ಅಂದ. ಮಾಡಿದೆ. ‘ಕಂಪನಿಯಿಂದ ಫೋನ್ ಬರುತ್ತೆ, ಎಲ್ಲದಕ್ಕೂ ಎಸ್ ಅನ್ನಿ, ಇಲ್ಲಾಂದ್ರೆ ಅರ್ಜಿ ರಿಜೆಕ್ಟ್ ಆಗುತ್ತೆ’ ಅಂದ. ಫೋನ್ ಬಂತು. ಒಬ್ಬ ಹೆಣ್ಣುಮಗಳು ಇಂಗ್ಲಿಷಲ್ಲಿ ಏನೋ ಬಡಬಡ ಹೇಳಿದರು. ನಾನು ತೋಟದಲ್ಲಿ ನಿಂತುಕೊಂಡು ಎಸ್, ಎಸ್ ಅಂದೆ. ಸ್ವಲ್ಪ ದಿನಕ್ಕೆ ಪೋಸ್ಟಲ್ಲಿ ಪ್ಲಾಸ್ಟಿಕ್ ಕವರಿನ ಬಾಂಡ್ ಬಂತು. ಮೂವತ್ತು ಚಿಲ್ಲರೆ ಪುಟ. ಬೀರುವಿನಲ್ಲಿ ಮನೆ ಪತ್ರಗಳ ಜೊತೆ ಇಟ್ಟೆ.

ಅಲ್ಲಿಂದ ಪ್ರತಿ ಜೂನ್ ಕಟ್ಟಿದ್ದೇನೆ. ಒಂದು ಕಂತೂ ತಪ್ಪಿಸಿಲ್ಲ. ಮೇಲಿನ ಟ್ಯಾಕ್ಸ್ ಬೇರೆ. 2015ರಲ್ಲಿ ಸುಕನ್ಯಾ ಸಮೃದ್ಧಿ ಬಂತು, ಹೆಣ್ಣುಮಕ್ಕಳಿಗೆ ಅಂತ ಸರ್ಕಾರದ ಉಳಿತಾಯ ಯೋಜನೆ. ಪೋಸ್ಟ್ ಆಫೀಸಿನ ಅಕ್ಕ ಕರೆದು ಹೇಳಿದರು, ‘ನಿಮ್ಮ ಮಗಳಿಗೆ ಇನ್ನೂ ಹತ್ತು ತುಂಬಿಲ್ಲ, ಮಾಡಿಸಿ, ಬಡ್ಡಿ ಒಂಬತ್ತರ ಮೇಲಿದೆ’ ಅಂತ. ಇದನ್ನು ನಿಲ್ಲಿಸಿ ಅದಕ್ಕೆ ಹಾಕೋಣ ಅಂತ ಬ್ಯಾಂಕಿಗೆ ಹೋಗಿ ಕೇಳಿದರೆ, ಕಟ್ಟಿದ ಒಂದೂವರೆ ಲಕ್ಷದಲ್ಲಿ ಅರ್ಧವೂ ವಾಪಸ್ ಬರಲ್ಲ ಅಂದರು. ಹೆದರಿ ಬಂದೆ. ಎರಡೂ ಕಟ್ಟೋ ಶಕ್ತಿ ನಮಗಿಲ್ಲ. ಆ ಅಕ್ಕನಿಗೆ ‘ಆಗಲೇ ಒಂದು ಮಾಡಿಸಿದ್ದೀನಿ’ ಅಂದುಬಿಟ್ಟೆ.

2023ರಲ್ಲಿ ಕೊಬ್ಬರಿ ರೇಟು ಹೇಗೆ ಬಿತ್ತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತ ಸರ್ಕಾರ ಹೇಳುತ್ತಿತ್ತು. ಮಾರ್ಕೆಟ್ಟಲ್ಲಿ 8,000ದ ಹತ್ತಿರ ಕೂಗುತ್ತಿದ್ದರು. ರೇಟು ಬರಲಿ ಅಂತ ಎಲ್ಲರೂ ಅಟ್ಟದಿಂದ ಕೊಬ್ಬರಿ ಇಳಿಸದೆ ಕಾಯುತ್ತಿದ್ದರು. ನಾನು ಇಳಿಸಿದೆ. ಕೊನೆಯ ಕಂತು ಬಾಕಿ ಇತ್ತಲ್ಲ.

2024. ಮಗಳು ಪಿಯುಸಿ ಮುಗಿಸಿ ಸಿಇಟಿ ಬರೆದಳು. ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆ ಬಂದು ದೊಡ್ಡ ಗಲಾಟೆ ಆಯಿತಲ್ಲ, ಅದೇ ವರ್ಷ. ಪರೀಕ್ಷೆ ಬರೆದು ಬಂದವಳು ಅಳುತ್ತಿದ್ದಳು. ‘ರ‍್ಯಾಂಕ್ ಹೆಚ್ಚುಕಡಿಮೆ ಆದರೂ ಪರವಾಗಿಲ್ಲ ಮಗಾ, ದುಡ್ಡಿನ ಯೋಚನೆ ನಿನಗೆ ಬೇಡ, 15 ಲಕ್ಷ ಬರುತ್ತೆ’ ಅಂತ ನಾನೇ ಧೈರ್ಯ ಹೇಳಿದ್ದೆ. ನನ್ನ ಬಾಯಿಂದ ಆ ಮಾತು ಹೇಳಿದ್ದೆ.

ಕಂಪನಿಯಿಂದ ಮೆಚ್ಯೂರಿಟಿ ಕಾಗದ ಬಂತು. 7,41,000 ಚಿಲ್ಲರೆ.

ಮೊದಲು ಇದು ಅರ್ಧ ಇರಬೇಕು, ಇನ್ನರ್ಧ ಆಮೇಲೆ ಬರುತ್ತೆ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಮಗಳು ಬೀರುವಿಂದ ಬಾಂಡ್ ತೆಗೆದು ಜಗಲಿ ಮೇಲೆ ಕೂತು ಒಂದೊಂದೇ ಪುಟ ಓದಿದಳು. ಸುಮಾರು ಒಂದು ಗಂಟೆ. ಕೈ ತಪ್ಪಿ ಬರದೇ ಹೋಗಿದ್ದು ಏನೂ ಇರಲಿಲ್ಲ, ಬರಬೇಕಾಗಿದ್ದೇ ಅಷ್ಟು. ಗ್ಯಾರಂಟಿ ಇದ್ದದ್ದು ಐದು ಲಕ್ಷ ಚಿಲ್ಲರೆ. ಉಳಿದದ್ದು ಬೋನಸ್. ಬೋನಸ್ ಎಷ್ಟು ಅನ್ನೋದು ಕಂಪನಿ ಇಷ್ಟ. 15 ಲಕ್ಷ ಅನ್ನೋ ಅಂಕಿ ಆ ಮೂವತ್ತು ಪುಟದಲ್ಲಿ ಎಲ್ಲೂ ಇಲ್ಲ. ಅದು ಇರೋದು ಬ್ರೋಷರ್ ಹಿಂದೆ ಮಾತ್ರ, ನೀಲಿ ಪೆನ್ನಲ್ಲಿ, ಸಹಿ ಇಲ್ಲದೆ.

ಅವಳು ಫೋನಲ್ಲಿ ಲೆಕ್ಕ ಹಾಕಿದಳು. ‘ಅಪ್ಪಾ, ಬಡ್ಡಿ ಮೂರೂಕಾಲು ಪರ್ಸೆಂಟೂ ಬಿದ್ದಿಲ್ಲ.’ ಸುಮ್ನೆ ಎಸ್‌ಬಿ ಅಕೌಂಟಲ್ಲಿ ಬಿಟ್ಟಿದ್ದರೂ ಹೆಚ್ಚುಕಡಿಮೆ ಇಷ್ಟೇ ಆಗುತ್ತಿತ್ತು. ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್‌ಗೆ ಹಾಕಿದ್ದರೆ ಸುಮಾರು 10 ಲಕ್ಷ ಇರುತ್ತಿತ್ತು.

ಇದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಆಮೇಲೆ ಅವಳು ಇನ್ನೊಂದು ಪುಟ ತೋರಿಸಿದಳು. ಲೈಫ್ ಅಶ್ಯೂರ್ಡ್ ಅನ್ನೋ ಕಡೆ ಅವಳ ಹೆಸರು. ನನ್ನದಲ್ಲ. ವಿಮೆ ಮಾಡಿದ್ದು ಆರು ವರ್ಷದ ಮಗುವಿನ ಜೀವಕ್ಕೆ. ನಾನು ಸತ್ತರೆ ಕಂತು ಮಾಫಿ ಆಗಬೇಕಾದರೆ ಅದಕ್ಕೆ ಪ್ರೀಮಿಯಂ ವೇವರ್ ಅಂತ ಬೇರೆ ರೈಡರ್, ಅಂದರೆ ಪಾಲಿಸಿಗೆ ಸೇರಿಸೋ ಹೆಚ್ಚುವರಿ ರಕ್ಷಣೆ, ತಗೋಬೇಕಂತೆ. ಆ ಜಾಗದಲ್ಲಿ ‘ಇಲ್ಲ’ ಅಂತ ಟಿಕ್ ಆಗಿದೆ.

2020ರಲ್ಲಿ ಕೊರೋನಾ ಬಂದು ನಾನು ಒಂಬತ್ತು ದಿನ ತುಮಕೂರಲ್ಲಿ ಆಕ್ಸಿಜನ್ ಮೇಲಿದ್ದೆ. ಪಕ್ಕದ ಬೆಡ್ಡಿನವರು ರಾತ್ರಿ ಇದ್ದರು, ಬೆಳಿಗ್ಗೆ ಇರಲಿಲ್ಲ. ಆಗ ನನಗೆ ಇದ್ದ ಸಮಾಧಾನ ಒಂದೇ. ನಾನು ಹೋದರೂ ಮಗಳ ಓದು ನಿಲ್ಲಲ್ಲ, ಕಂಪನಿ ಕಟ್ಟುತ್ತೆ, ಅಂತ. ಮನೆಯವಳಿಗೆ ಫೋನ್ ಮಾಡಿ ಬಾಂಡ್ ಎಲ್ಲಿದೆ ಅಂತಲೂ ಹೇಳಿದ್ದೆ. ಆ ಸಮಾಧಾನ ಸುಳ್ಳು. ನಾನು ಹೋಗಿದ್ದರೆ ಕಂತು ಅವಳ ತಲೆ ಮೇಲೆ ಬೀಳುತ್ತಿತ್ತು, ಇಲ್ಲ ಪಾಲಿಸಿ ಅಲ್ಲಿಗೇ ನಿಲ್ಲುತ್ತಿತ್ತು. ಇದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ದುಡ್ಡು ಹೋಗಿದ್ದಕ್ಕಿಂತ ಇದು ಜಾಸ್ತಿ.

ಬ್ಯಾಂಕಿಗೆ ಹೋದೆ. ಆ ಮ್ಯಾನೇಜರ್ ವರ್ಗ ಆಗಿ ಎಷ್ಟೋ ವರ್ಷ ಆಗಿದೆ. ಟೈ ಹುಡುಗ ಎಲ್ಲಿದ್ದಾನೋ. ಈಗಿನ ಮ್ಯಾನೇಜರ್ ಬ್ರೋಷರ್ ನೋಡಿದರು. ‘ಇದು ಇನ್ಶೂರೆನ್ಸ್ ಕಂಪನಿದು ಸಾರ್, ಬ್ಯಾಂಕ್ ಬರೀ ಏಜೆಂಟ್. ನೀವು ಅವರನ್ನೇ ಕೇಳಬೇಕು.’

‘ನಿಮ್ಮ ಟೇಬಲ್ ಮೇಲೆ ಸಹಿ ಹಾಕಿಸಿಕೊಂಡ್ರಿ ಸಾರ್’ ಅಂದೆ.

‘ನಾನು ಆಗ ಇರಲಿಲ್ಲವಲ್ಲ ಸಾರ್.’

ನಂಬ್ತೀರೋ ಇಲ್ವೋ, ಎದ್ದು ಬರುವಾಗ ಅವರು ಕೇಳಿದ್ದು ಇದು: ‘ಏಳು ಲಕ್ಷ ಒಟ್ಟಿಗೆ ಬರ್ತಿದೆಯಲ್ಲ, ಮಗಳ ಮದುವೆಗೆ ಅಂತ ಒಂದು ಒಳ್ಳೆ ಪ್ಲಾನ್ ಇದೆ, ನೋಡ್ತೀರಾ?’ ನಾನು ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಬೇರೆ ಥರ ಆಗುತ್ತಿತ್ತು.

ಕಂಪನಿಗೆ ಫೋನ್ ಮಾಡಿದರೆ ಒಂದೊಂದು ಸಲ ಒಬ್ಬೊಬ್ಬರು. ಎಲ್ಲರದ್ದೂ ಅದೇ ಪಾಠ. ಬೋನಸ್ ಗ್ಯಾರಂಟಿ ಇಲ್ಲ ಅಂತ ಬಾಂಡಲ್ಲಿ ಬರೆದಿದೆ ಸಾರ್. ಇಷ್ಟ ಇಲ್ಲದಿದ್ದರೆ ಬಾಂಡ್ ಕೈಗೆ ಬಂದ 15 ದಿನದೊಳಗೆ ವಾಪಸ್ ಮಾಡಬಹುದಿತ್ತು ಸಾರ್. ಫೋನಲ್ಲಿ ನೀವು ಎಸ್ ಅಂದಿರೋ ರೆಕಾರ್ಡಿಂಗ್ ಇದೆ ಸಾರ್. ಬ್ರೋಷರ್ ಹಿಂದೆ ಯಾರೋ ಬರೆದಿದ್ದಕ್ಕೆ ಕಂಪನಿ ಜವಾಬ್ದಾರಿ ಅಲ್ಲ ಸಾರ್. ಮಾತಿಗೊಂದು ಸಾರ್.

ನಾನು ಸಹಿ ಹಾಕಿದ ಅರ್ಜಿಯ ಪ್ರತಿ ಕೊಡಿ ಅಂತ ಲಿಖಿತವಾಗಿ ಕೇಳಿದೆ. ಕಳಿಸಿದರು. ಅದನ್ನು ನೋಡಿ ಹೊಟ್ಟೆ ಉರಿದುಹೋಯಿತು. ನನ್ನ ವರ್ಷದ ಆದಾಯ 6 ಲಕ್ಷ ಅಂತ ಬರೆದಿದ್ದಾರೆ. ಅಷ್ಟು ದುಡ್ಡು ನಾನು ಕಂಡೇ ಇಲ್ಲ. ಕೊನೆಯಲ್ಲಿ ಒಂದು ಘೋಷಣೆ ಇದೆ. ಅರ್ಜಿದಾರರು ಕನ್ನಡದಲ್ಲಿ ಸಹಿ ಮಾಡಿರುವುದರಿಂದ, ಇದರಲ್ಲಿರುವ ಎಲ್ಲವನ್ನೂ ಅವರ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ಅವರಿಗೆ ಪೂರ್ತಿ ಅರ್ಥವಾಗಿದೆ ಅಂತ. ಆ ಮಾತೂ ಇಂಗ್ಲಿಷಲ್ಲೇ ಇದೆ. ಕೆಳಗೆ ವಿವರಿಸಿದವರು ಅಂತ ಯಾರದ್ದೋ ಸಹಿ. ಅದರ ಪಕ್ಕ ನನ್ನ ಕನ್ನಡ ಸಹಿ. ಪೆನ್ಸಿಲ್ ಗುರುತು ಇನ್ನೂ ಮಸುಕಾಗಿ ಕಾಣುತ್ತೆ.

ಯಾರೂ ನನಗೆ ಏನೂ ಓದಿ ಹೇಳಲಿಲ್ಲ. ಒಂದು ಸಾಲೂ ಹೇಳಲಿಲ್ಲ.

ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸೋ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟಿದ್ದೇನೆ. ನಮ್ಮ ರಾಜ್ಯದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸು ಇಲ್ಲ, ಲಾಯರ್ ಬೇಡ. ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾಯಬೇಕು. ಅವರ ಉತ್ತರ ಬಂದ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು. ದುಡ್ಡು ಬರುತ್ತೆ ಅನ್ನೋ ಆಸೆ ನನಗೆ ಜಾಸ್ತಿ ಇಲ್ಲ. ಆ ಘೋಷಣೆಗೆ ಸಹಿ ಹಾಕಿದವರು ಯಾರು ಅಂತ ಒಬ್ಬರಾದರೂ ಕೇಳಲಿ. ಒಂದು ಮಾತು, ದೂರು ಕೊಟ್ಟ ಮೇಲೆ ‘ನಿಮ್ಮ ಬೋನಸ್ ತಡೆ ಹಿಡಿದಿದೆ, 18,000 ಕಟ್ಟಿದರೆ ಬಿಡಿಸಿಕೊಡ್ತೀವಿ’ ಅಂತ ದೆಹಲಿ ಕಡೆಯಿಂದ ಫೋನ್ ಬಂದವು. ಅವರು ಶುದ್ಧ ಕಳ್ಳರು. ಅಂಥ ಫೋನ್ ಬಂದರೆ ಇಟ್ಟುಬಿಡಿ.

ನೀವು ಈಗ ಮಾಡಿಸಿದ್ದರೆ, ಬಾಂಡ್ ಬಂದ ದಿನವೇ ಓದಿ. ಇಂಗ್ಲಿಷ್ ಬರದಿದ್ದರೆ ಓದಿದ ಮಕ್ಕಳ ಕೈಲಿ ಓದಿಸಿ, ಬೀರುವಿನಲ್ಲಿ ಇಡಬೇಡಿ. 2024ರಿಂದ ವಾಪಸ್ ಮಾಡೋಕೆ 30 ದಿನ ಟೈಮ್ ಇದೆ. ಲೈಫ್ ಅಶ್ಯೂರ್ಡ್ ಯಾರು, ವೇವರ್ ರೈಡರ್ ಇದೆಯಾ, ಗ್ಯಾರಂಟಿ ಎಷ್ಟು, ಈ ಮೂರು ನೋಡಿ ಸಾಕು. ಬಾಯಲ್ಲಿ ಹೇಳಿದ್ದನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿ ಕೊಡಿ ಅನ್ನಿ. ಮೋಸ ಅನ್ನಿಸಿದರೆ 155255ಕ್ಕೆ ಫೋನ್ ಮಾಡಿ, ಅದು ವಿಮಾ ಕಂಪನಿಗಳನ್ನು ನಿಯಂತ್ರಿಸೋ ಐಆರ್‌ಡಿಎಐ ಸಂಸ್ಥೆಯ ದೂರಿನ ನಂಬರ್. ಖಾಲಿ ಫಾರಂಗೆ ಸಹಿ ಹಾಕಬೇಡಿ. ದಯವಿಟ್ಟು ಹಾಕಬೇಡಿ.

ಮಗಳಿಗೆ ಮೈಸೂರಿನ ಒಂದು ಖಾಸಗಿ ಕಾಲೇಜಲ್ಲಿ ಸಿಇಟಿ ಸೀಟು ಸಿಕ್ಕಿತು. ಸಿಇಟಿ ಸೀಟು ಹಂಚೋ ಕೆಇಎ ಚಲನ್‌ಗೆ ಒಂದು ಲಕ್ಷದ ಮೇಲೆ, ಕಾಲೇಜಿನವರ ಇತರೆ ಫೀಸು ಬೇರೆ, ಹಾಸ್ಟೆಲ್ ಬೇರೆ. ಮೊದಲ ವರ್ಷಕ್ಕೇ ಎರಡೂವರೆ ಲಕ್ಷ ದಾಟಿತು. ಹೀಗೇ ಹೋದರೆ ಬಂದ ದುಡ್ಡು ಮೂರನೇ ವರ್ಷಕ್ಕೇ ಖಾಲಿ. ಮಗನೂ ಹೈಸ್ಕೂಲಿಗೆ ಬಂದಿದ್ದಾನೆ. ಅದಕ್ಕೆ ಬೇರೆ ಬ್ಯಾಂಕಲ್ಲಿ ನಾಲ್ಕು ಲಕ್ಷ ಎಜುಕೇಶನ್ ಲೋನ್‌ಗೆ ಹಾಕಿದೆವು. ನಾಲ್ಕು ಲಕ್ಷದವರೆಗೆ ಅಡಮಾನ ಕೇಳೋ ಹಾಗಿಲ್ಲ, ನಮ್ಮ ಪಾಲು ಅಂತಲೂ ಇಷ್ಟು ಹಾಕಿ ಅನ್ನೋ ಹಾಗಿಲ್ಲ. ಇದನ್ನೂ ಮಗಳೇ ಓದಿಕೊಂಡು ಬಂದಿದ್ದಳು.

ಲೋನ್ ಆಫೀಸರ್ ಕಾಗದ ಎಲ್ಲ ನೋಡಿ ಆದ ಮೇಲೆ ಡ್ರಾಯರಿಂದ ಇನ್ನೊಂದು ಫಾರಂ ತೆಗೆದರು. ‘ಲೋನ್ ಜೊತೆ ಒಂದು ಇನ್ಶೂರೆನ್ಸ್ ಮಾಡಿಸಲೇಬೇಕು ಸಾರ್. ವರ್ಷಕ್ಕೆ 25,000. ಇಲ್ಲಿ ಪೆನ್ಸಿಲ್ ಗುರುತು ಇರೋ ಕಡೆ ಸಹಿ ಮಾಡಿ.’

ನನ್ನ ಮಗಳು ಪೆನ್ ಮುಟ್ಟೋಕೆ ಬಿಡಲಿಲ್ಲ. ‘ಇದು ಕಡ್ಡಾಯ ಅಂತ ಬರೆದು ಸೀಲು ಹಾಕಿ ಕೊಡಿ ಸಾರ್, ಆಮೇಲೆ ಅಪ್ಪ ಸಹಿ ಮಾಡ್ತಾರೆ’ ಅಂದಳು.

ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಫಾರಂ ವಾಪಸ್ ಡ್ರಾಯರಿಗೆ ಹಾಕಿದರು. ಹದಿನೆಂಟು ದಿನಕ್ಕೆ ಲೋನ್ ಆಯಿತು.