ಒಂದು ಕಡ್ಡಿ ನೆಟ್‌ವರ್ಕ್‌ನಲ್ಲಿ ನಾಸಾದ ಎಪಿಒಡಿ: ಸಕಲೇಶಪುರ ಕಡೆಯಿಂದ ಒಂದು ವಿಮರ್ಶೆ

ಸಕಲೇಶಪುರದಿಂದ ಒಳಗೆ ತೋಟದ ಮನೆಗಳಲ್ಲಿ ಇರುವವರಿಗೆ ನೆಟ್ ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಒಂದು ಕಡ್ಡಿ ಬಂದರೆ ಹಬ್ಬ. ಮಳೆ ಹಿಡಿದು ಕರೆಂಟ್ ಹೋದರೆ ಅದೂ ಇಲ್ಲ. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನಲ್ಲಿ ಕೂತವರು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನಡೆಸುತ್ತಾರೆ. ಅದೇ ಜಿಲ್ಲೆಯ ನಮ್ಮ ಜಗಲಿಯಲ್ಲಿ ಒಂದು ಫೋಟೋ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಆರಿರುತ್ತದೆ!

ಆದರೂ ವರ್ಷಗಳಿಂದ ನಾಸಾದ ‘ಆಸ್ಟ್ರಾನಮಿ ಪಿಕ್ಚರ್ ಆಫ್ ದ ಡೇ’, ಅಂದರೆ ದಿನಕ್ಕೊಂದು ಖಗೋಳ ಚಿತ್ರ ಹಾಕುವ ಎಪಿಒಡಿ ಎಂಬ ವೆಬ್ ಪುಟ, ನೋಡುತ್ತಿದ್ದೇನೆ. ಮಳೆಗಾಲದಲ್ಲಿ ನಮಗೆ ಆಕಾಶವೇ ಕಾಣುವುದಿಲ್ಲ. ಬೇರೆ ಊರಿನವರ ಆಕಾಶವೇ ಗತಿ.

ರಾಬರ್ಟ್ ನೆಮಿರಾಫ್, ಜೆರ್ರಿ ಬಾನೆಲ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು 1995ರ ಜೂನ್ 16ಕ್ಕೆ ಇದನ್ನು ಶುರು ಮಾಡಿದ್ದು. ನಾನು ನೋಡಿಕೊಂಡು ಬಂದ ಪುಟದ ವೇಷವೂ ಆ ಕಾಲದ್ದೇ. ಮೇಲೆ ಹೆಸರು, ನಡುವೆ ಚಿತ್ರ, ಕೆಳಗೆ ವಿವರಣೆ. ಜಾಹೀರಾತು ಇಲ್ಲ. ನಿಧಾನದ ನೆಟ್‌ಗೆ ಇದೇ ವರ. ಅಕ್ಷರ ಮೊದಲು ಬಂದುಬಿಡುತ್ತದೆ, ಚಿತ್ರ ಹಿಂದಿನಿಂದ ಬರುತ್ತದೆ. ಕಾಯುವಾಗ ಸುಮ್ನೆ ವಿವರಣೆ ಓದಿಕೊಳ್ಳಬಹುದು. ಕುದುರೆ ತಲೆಯಂತೆ ಕಾಣುವ ಅನಿಲ-ದೂಳಿನ ಮೋಡ, ಹಾರ್ಸ್‌ಹೆಡ್ ನೀಹಾರಿಕೆ, ಬಂದ ದಿನ ಮೇಲಿನಿಂದ ಒಂದೊಂದೇ ಪಟ್ಟಿ ಇಳಿಯಿತು. ಮೊದಲು ನಕ್ಷತ್ರ, ಆಮೇಲೆ ಕೆಂಪು, ಅದರೊಳಗೆ ಕಪ್ಪು ಕಿವಿಯ ತುದಿ. ಕೆಂಪು ಹೈಡ್ರೋಜನ್‌ನದು, ಕಪ್ಪು ಬೆಳಕನ್ನು ಮರೆಮಾಡಿದ ದೂಳು ಅಂತ ಅಷ್ಟರಲ್ಲಿ ಓದಿ ಮುಗಿದಿತ್ತು. ಜೋರು ನೆಟ್ ಇದ್ದವರು ಇಷ್ಟೆಲ್ಲ ಓದುತ್ತಾರಾ, ಅನುಮಾನ.

ಒಂದು ಎಚ್ಚರಿಕೆ. ಚಿತ್ರದ ಮೇಲೆ ಬೆರಳಿಟ್ಟರೆ ದೊಡ್ಡ ಪ್ರತಿ ತೆರೆಯುತ್ತದೆ. ಅದು ಕೆಲವು ಸಲ ಹತ್ತಾರು ಎಂಬಿ ಇರುತ್ತದೆ. ಸೆಕೆಂಡಿಗೆ 100 ಕಿಲೋಬಿಟ್ ಬರುವ ಕಡೆ ಒಂದು ಎಂಬಿಗೇ 80 ಸೆಕೆಂಡ್ ಬೇಕು. 20 ಎಂಬಿ ಅಂದರೆ ಹತ್ತಿರ ಹತ್ತಿರ ಅರ್ಧ ಗಂಟೆ. ನಡುವೆ ಸಿಗ್ನಲ್ ಹೋದರೆ ಮತ್ತೆ ಮೊದಲಿಂದ. ಪುಟದಲ್ಲಿರುವ ಸಣ್ಣ ಪ್ರತಿ ಮೊಬೈಲ್‌ಗೆ ಧಾರಾಳ ಸಾಕು.

ನನಗೆ ಜಾಸ್ತಿ ಇಷ್ಟ ಹವ್ಯಾಸಿಗಳು ತೆಗೆದ ಚಿತ್ರಗಳು. ದೊಡ್ಡ ದೂರದರ್ಶಕಗಳ ಚಿತ್ರದ ಪಕ್ಕದಲ್ಲೇ ಇವರಿಗೂ ಜಾಗ ಉಂಟು, ತೆಗೆದವರ ಹೆಸರೂ ಇರುತ್ತದೆ. ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ನೂರು ವರ್ಷಕ್ಕೂ ಮೇಲೆ ಎಲ್ಲರೂ ಫೋಟೋ ಹೊಡೆದಿದ್ದಾರೆ ಅಲ್ವಾ? ಅದರ ಪಕ್ಕದಲ್ಲೇ ಆಮ್ಲಜನಕದ ಬೆಳಕಿನ ಉದ್ದನೆಯ ಕಮಾನು ಇದೆ ಅಂತ ತೋರಿಸಿದ್ದು ಡ್ರೆಕ್ಸ್‌ಲರ್, ಸ್ಟ್ರಾಟ್ನರ್, ಸೇಂಟಿ ಎಂಬ ಹವ್ಯಾಸಿಗಳು. ಆ ಚಿತ್ರ 2023ರ ಜನವರಿಯಲ್ಲಿ ಇಲ್ಲಿ ಬಂತು. ಅಷ್ಟು ಮಸುಕು ಬೆಳಕು ಹಿಡಿಯಲು ಒಂದೇ ಜಾಗವನ್ನು ಗಂಟೆಗಟ್ಟಲೆ ತೆಗೆದು, ಆ ಫೋಟೋಗಳನ್ನೆಲ್ಲ ಒಂದರ ಮೇಲೊಂದು ಸೇರಿಸಬೇಕು.

ಹಾಗಾಗಿ ಇಂಥ ಚಿತ್ರಗಳನ್ನು ಮೆಸೇಜ್ ಗ್ರೂಪ್‌ನಲ್ಲಿ ಫಾರ್ವರ್ಡ್ ಆಗಿ ನೋಡಬೇಡಿ. ಕಳಿಸುವಾಗ ಅದು ಮತ್ತೆ ಕುಗ್ಗುತ್ತದೆ. ಹೊಳೆಯುವ ನಕ್ಷತ್ರಗಳಿಗೆ ಅಷ್ಟೇನೂ ಆಗುವುದಿಲ್ಲ, ಆದರೆ ಮಸುಕಾದ ಭಾಗ ಚೌಕ ಚೌಕವಾಗಿ ಒಡೆಯುತ್ತದೆ. ಹೋಗುವುದು ಸರಿಯಾಗಿ ಆ ಕಮಾನಿನಂಥದ್ದೇ. ನೆಟ್ ಎಷ್ಟೇ ನಿಧಾನವಿದ್ದರೂ ಮೂಲ ಪುಟದಲ್ಲೇ ತೆರೆಯಿರಿ.

ಹೊಸ ಚಿತ್ರ ನಮ್ಮ ಬೆಳಿಗ್ಗೆ ಹತ್ತರ ಆಸುಪಾಸಿಗೆ ಬರುತ್ತದೆ. ಕೆಲವು ದಿನ ಚಿತ್ರದ ಬದಲು ವಿಡಿಯೊ. ನಮ್ಮ ನೆಟ್‌ಗೆ ಅದು ಸುತ್ತುವ ಚಕ್ರ ಅಷ್ಟೇ. ಆ ದಿನ ನಾನು ಕೆಳಗಿನ ‘ಆರ್ಕೈವ್’ ಒತ್ತಿ 1990ರ ದಶಕಕ್ಕೆ ಹೋಗುತ್ತೇನೆ. ಡಯಲಪ್ ಮೋಡೆಮ್ ಕಾಲದ ಆ ಚಿತ್ರಗಳು ಪುಟ್ಟವು, ಒಂದು ಕಡ್ಡಿಯಲ್ಲೂ ಪಟಪಟ ತೆರೆಯುತ್ತವೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ವಿಡಿಯೊ ದಿನಗಳ ಲೆಕ್ಕಕ್ಕೆ.