ಹಳೆಯ ಅಂಬಾಸಡರ್‌ನ ಬ್ರೇಕಿಗೆ ಬಣ್ಣ ಹೊಡೆಸುವ ಮುನ್ನ

ಹಳೆಯ ಕಾರನ್ನು ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಲು ಹೊರಟವರು ಅದರ ಬ್ರೇಕಿನ ಭಾಗಗಳಿಗೆ ಬಣ್ಣ ಬೀಳುವ ಮೊದಲೇ ಇದನ್ನು ಓದಬೇಕೆಂದು ಕೋರುತ್ತೇನೆ. ನಮ್ಮ ತಂದೆಯವರ ಕಾಲದ ಅಂಬಾಸಡರ್ ಮಾರ್ಕ್ 4 ಕಾರನ್ನು ಬೆಂಗಳೂರಿನ ಒಂದು ಗ್ಯಾರೇಜಿಗೆ ಒಪ್ಪಿಸಿದ್ದೆವು. ಟಿಂಕರಿಂಗ್, ಬಾಡಿಯ ಪೇಂಟಿಂಗ್, ಸೀಟಿನ ಕೆಲಸ ಎಲ್ಲವೂ ಅಚ್ಚುಕಟ್ಟಾಗಿದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರು ನಮ್ಮನ್ನು ಒಂದು ಮಾತೂ ಕೇಳದೆ ಬ್ರೇಕ್ ಡ್ರಮ್, ಅದರ ಹಿಂದಿನ ಬ್ಯಾಕ್ ಪ್ಲೇಟ್ ಮತ್ತು ಚಕ್ರ ಕೂರುವ ಹಬ್‌ಗಳನ್ನು ಪೌಡರ್ ಕೋಟಿಂಗಿಗೆ (ಪುಡಿಬಣ್ಣ ಹಚ್ಚಿ ಬೇಯಿಸುವುದಕ್ಕೆ) ಕಳುಹಿಸಿ, ಚಕ್ರದ ಬಳಿ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಹಾಗೂ ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ಗಳಿಗೆ ಸ್ಪ್ರೇ ಗನ್ನಿನಲ್ಲಿ ಸಾಮಾನ್ಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದಿದ್ದರು. ಚಕ್ರ ಬಿಚ್ಚಿ ತೋರಿಸಿದಾಗ ಒಳಗಿನ ಭಾಗಗಳು ಷೋರೂಮಿನಿಂದ ಬಂದಂತೆ ಹೊಳೆಯುತ್ತಿದ್ದವು.

ಮೈಸೂರು ರಸ್ತೆಯಲ್ಲಿ ಹೊರಟಾಗ ರಾಮನಗರ ದಾಟುವ ಹೊತ್ತಿಗೆ ಗಾಡಿ ಎಡಕ್ಕೆ ಎಳೆಯತೊಡಗಿತು. ಆಕ್ಸಿಲರೇಟರ್ ಬಿಟ್ಟರೆ ಯಾರೋ ಹಿಂದಿನಿಂದ ಹಿಡಿದಂತೆ ವೇಗ ಕುಸಿಯುತ್ತಿತ್ತು. ಸುಟ್ಟ ಬಣ್ಣದ ವಾಸನೆಯ ಜೊತೆಗೆ ಮುಂದಿನ ಎಡಚಕ್ರದಲ್ಲಿ ಕಟಕಟ ಸದ್ದು ಶುರುವಾದಾಗ ಚನ್ನಪಟ್ಟಣದಲ್ಲಿ ನಿಲ್ಲಿಸಿದೆವು. ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಹಬ್ ಕ್ಯಾಪ್ ತೆಗೆದು ವೀಲ್ ನಟ್‌ಗೆ ಸ್ಪ್ಯಾನರ್ ಹಾಕುವ ಮೊದಲು ಬೆರಳಿಟ್ಟು ನೋಡಿದರು. ನಟ್ ಬೆರಳಿಗೇ ತಿರುಗಿತು. "ಸಾರ್, ಇದನ್ನ ಬಿಗಿ ಮಾಡಿಲ್ಲ ಅಂತಲ್ಲ, ಬಣ್ಣದ ಮೇಲೆ ಬಿಗಿ ಮಾಡಿದ್ದಾರೆ" ಎಂದರು.

ಆ ಮಾತು ಎಷ್ಟು ಸರಿಯಾಗಿತ್ತು ಎಂಬುದನ್ನು ಸ್ವಲ್ಪ ವಿವರಿಸಬೇಕು. ಈ ಕಾರಿನಲ್ಲಿ ಹಬ್‌ನ ಮೇಲೆ ಡ್ರಮ್, ಡ್ರಮ್ಮಿನ ಮೇಲೆ ಚಕ್ರ ಕೂರುತ್ತದೆ. ಮೂರನ್ನೂ ಒಟ್ಟಿಗೆ ಹಿಡಿದಿಡುವುದು ವೀಲ್ ನಟ್‌ಗಳ ಬಿಗಿತ. ಹಬ್‌ನ ಮುಖ, ಡ್ರಮ್ಮಿನ ಎರಡು ಮುಖಗಳು, ಚಕ್ರದ ಒಳಮುಖ ಎಂದು ಲೆಕ್ಕ ಹಾಕಿದರೆ ಲೋಹಕ್ಕೆ ಲೋಹ ತಾಗಬೇಕಾದ ಜಾಗದಲ್ಲಿ ನಾಲ್ಕು ಪದರ ಬಣ್ಣ ಸೇರಿಕೊಂಡಂತಾಯಿತು. ಪೌಡರ್ ಕೋಟಿಂಗ್ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪವಿರುತ್ತದೆ. ನಾಲ್ಕು ಪದರ ಸೇರಿದರೆ ಮಿಲಿಮೀಟರಿನ ಕಾಲು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು. ಬ್ರೇಕ್ ಒತ್ತಿದಂತೆಲ್ಲ ಡ್ರಮ್ ಕಾಯುತ್ತದೆ, ಆ ಬಿಸಿಗೂ ನಟ್‌ನ ಒತ್ತಡಕ್ಕೂ ಬಣ್ಣ ಹಿಂಡಿಹೋಗಿ ತೆಳುವಾಗುತ್ತದೆ, ಅದು ತೆಳುವಾದಷ್ಟು ನಟ್ ಕೂರುವ ಬೋಲ್ಟಿನ, ಅಂದರೆ ಸ್ಟಡ್‌ನ ಸೆಳೆತ ಸಡಿಲವಾಗುತ್ತದೆ. ಗ್ಯಾರೇಜಿನಲ್ಲಿ ಬಿಗಿತ ಅಳೆದು ಬಿಗಿಯುವ ಟಾರ್ಕ್ ರೆಂಚ್ ಬಳಸಿ ಬಿಗಿದಿದ್ದರೂ ಇದು ತಪ್ಪುತ್ತಿರಲಿಲ್ಲ. ಇನ್ನು ಎಲ್ಲ ಕಡೆಯೂ ಒಂದೇ ದಪ್ಪಕ್ಕೆ ಬಣ್ಣ ಕೂರುವುದಿಲ್ಲವಾದ್ದರಿಂದ ಡ್ರಮ್ ಸ್ವಲ್ಪ ಓರೆಯಾಗಿ ಕೂತು, ಬ್ರೇಕ್ ಒತ್ತಿದಾಗ ಪೆಡಲ್ ಕಾಲಿನಡಿ ಮಿಡಿಯುವುದೂ ಇತ್ತು.

ಬ್ರೇಕ್ ಹಿಡಿದುಕೊಂಡೇ ಇರುವುದಕ್ಕೆ ಕಾರಣ ಬೇರೆಯಾಗಿತ್ತು, ಆದರೆ ಅದೂ ಬಣ್ಣವೇ. ಬ್ಯಾಕ್ ಪ್ಲೇಟಿನ ಮೇಲೆ, ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳ ಅಂಚು ಜಾರಿ ಆಡಲೆಂದು ಅಲ್ಲಲ್ಲಿ ಚಿಕ್ಕ ಉಬ್ಬುಗಳಿರುತ್ತವೆ. ಈ ಉಬ್ಬುಗಳು ಬರಿಯ ಲೋಹವಾಗಿ ನುಣುಪಾಗಿದ್ದು, ಮೇಲೆ ಬಿಸಿ ತಾಳುವ ಬ್ರೇಕ್ ಗ್ರೀಸಿನ ತೆಳು ಲೇಪ ಮಾತ್ರ ಇರಬೇಕು. ನಮ್ಮ ಗಾಡಿಯಲ್ಲಿ ಶೂಗಳು ಆ ಉಬ್ಬುಗಳ ಮೇಲಿನ ಕೋಟಿಂಗನ್ನು ಕೊರೆದು ಗುಳಿ ಮಾಡಿಕೊಂಡು ಅದರೊಳಗೇ ಸಿಕ್ಕಿಕೊಂಡಿದ್ದವು. ಸ್ಪ್ರಿಂಗ್ ಎಷ್ಟು ಎಳೆದರೂ ಹಿಂದಕ್ಕೆ ಬರುತ್ತಿರಲಿಲ್ಲ. ಬಲಗಡೆಯ ಚಕ್ರದಲ್ಲಿಯೂ ಇದೇ ಕಥೆ ಆರಂಭವಾಗಿತ್ತು.

ಮಾಸ್ಟರ್ ಸಿಲಿಂಡರಿನ ಮಾತು ಇನ್ನೂ ಕೆಟ್ಟದ್ದು. ನಾವು ಬ್ರೇಕ್ ಆಯಿಲ್ ಎಂದು ಕರೆಯುವ ಡಾಟ್ 3 ಮತ್ತು ಡಾಟ್ 4 ದ್ರವಗಳು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯವು. ಎನ್‌ಸಿ ಪೇಂಟಿನ ಮೇಲೆ ನಾಲ್ಕು ಹನಿ ಬಿದ್ದರೆ ಅದು ಸುಕ್ಕುಗಟ್ಟಿ ಸಿಪ್ಪೆಯಂತೆ ಏಳುತ್ತದೆ. ಬ್ರೇಕಿನ ಪೈಪುಗಳಲ್ಲಿ ಸೇರಿದ ಏರ್ ತೆಗೆಯುವಾಗ ಚೆಲ್ಲಿದ ದ್ರವಕ್ಕೆ ಮುಚ್ಚಳದ ಸುತ್ತಲಿನ ಬಣ್ಣ ಎದ್ದು ಅದರ ಚೂರುಗಳು ದ್ರವದ ತೊಟ್ಟಿಯೊಳಗೇ ಬಿದ್ದಿದ್ದವು. ಮಾಸ್ಟರ್ ಸಿಲಿಂಡರಿನೊಳಗೆ ಸೂಜಿಮೊನೆಯಷ್ಟೇ ಇರುವ ಒಂದು ರಂಧ್ರದ ಮೂಲಕ ಬ್ರೇಕ್ ಬಿಟ್ಟಾಗ ದ್ರವ ತೊಟ್ಟಿಗೆ ಮರಳುತ್ತದೆ. ಅಲ್ಲಿ ಚೂರು ಸಿಕ್ಕಿಕೊಂಡರೆ ಒತ್ತಡ ಇಳಿಯದೆ ನಾಲ್ಕು ಚಕ್ರಗಳೂ ಬ್ರೇಕ್ ಹಿಡಿದುಕೊಳ್ಳಬಹುದು. ತೊಟ್ಟಿಯ ಮುಚ್ಚಳದಲ್ಲಿರುವ ಗಾಳಿಯ ಕಿಂಡಿಯೂ ಬಣ್ಣದಿಂದ ಮುಚ್ಚಿತ್ತು. ಏರ್ ಹೊರಬಿಡುವ ಬ್ಲೀಡರ್ ನಿಪ್ಪಲ್‌ಗಳ ತೂತುಗಳನ್ನು ತಂತಿಯಲ್ಲಿ ಬಿಡಿಸಬೇಕಾಯಿತು. ಒಂದು ನಿಪ್ಪಲ್ ಬಣ್ಣದ ಅಂಟಿಗೆ ತಿರುಗದೆ ಮುರಿದೇ ಹೋಯಿತು. ರಬ್ಬರ್ ಹೋಸ್‌ಗಳಿಗೂ ಕಪ್ಪು ಬಣ್ಣ ಬಳಿದಿದ್ದರಿಂದ ಅವುಗಳಲ್ಲಿದ್ದ ಬಿರುಕು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೋಸಿಗೆ ಬಣ್ಣ ಬಳಿಯುವುದಕ್ಕೆ ಬಿರುಕು ಮುಚ್ಚುವುದರ ಹೊರತಾಗಿ ಬೇರೆ ಯಾವ ಉದ್ದೇಶವಿರಬಹುದೋ ನನಗೆ ತೋಚುತ್ತಿಲ್ಲ.

ಹಾಗೆಂದು ಬಣ್ಣವೇ ಬೇಡವೆಂದಲ್ಲ. ಡ್ರಮ್ಮಿನ ಹೊರಮೈಗೆ ಬಿಸಿ ತಾಳುವ ಬಣ್ಣದ ತೆಳುವಾದ ಕೋಟ್ ಕೊಟ್ಟರೆ ತುಕ್ಕು ತಡೆಯುತ್ತದೆ. ಆದರೆ ಹಬ್ ಮತ್ತು ಚಕ್ರ ಕೂರುವ ಮುಖಗಳು, ಸ್ಟಡ್‌ನ ಥ್ರೆಡ್, ನಟ್ ಕೂರುವ ಇಳಿಜಾರು, ಶೂಗಳ ಮೇಲಿನ ಲೈನರ್ ಉಜ್ಜುವ ಡ್ರಮ್ಮಿನ ಒಳಮೈ, ಬ್ಯಾಕ್ ಪ್ಲೇಟಿನ ಉಬ್ಬುಗಳು ಮತ್ತು ಪೈಪುಗಳು ಕೂರುವ ಜಾಗಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಅಥವಾ ಪ್ಲಗ್ ಹಾಕಿ, ಅಲ್ಲಿ ಬಣ್ಣದ ಧೂಳೂ ಬೀಳದಂತೆ ನೋಡಿಕೊಳ್ಳಬೇಕು. ಪೌಡರ್ ಕೋಟಿಂಗನ್ನು ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಸಿಲಿಂಡರಿನೊಳಗಿನ ರಬ್ಬರ್ ವಾಷರ್‌ಗಳನ್ನು ತೆಗೆಯದೆ ಹಾಗೆಯೇ ಕಳುಹಿಸಿದರೆ ಅವು ಅಲ್ಲಿಯೇ ಹಾಳಾಗುತ್ತವೆ. ಬಣ್ಣಕ್ಕೆ ಮುಂಚೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವುದಿದ್ದರೆ ಸಿಲಿಂಡರಿನ ಬೋರ್ (ಒಳಕೊಳವೆ) ಮುಚ್ಚಿರಲೇಬೇಕು. ತೊಳೆಯುವುದಕ್ಕೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬೇಡ: ಬ್ರೇಕಿನ ರಬ್ಬರ್ ಅದನ್ನು ಹೀರಿ ಊದಿಕೊಳ್ಳುತ್ತದೆ. ನಮ್ಮಲ್ಲಿ ಸೀಮೆಎಣ್ಣೆಯ ಡಬ್ಬಿ ಇಲ್ಲದ ಗ್ಯಾರೇಜೇ ಅಪರೂಪವಾದ್ದರಿಂದ ಇದನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಗ್ಯಾರೇಜಿನವರು ಕೊನೆಗೆ ಮುಖಗಳನ್ನು ಲೋಹದವರೆಗೆ ಕೆರೆದು ಕೊಟ್ಟರು, ಆದರೆ ಹೋಸ್, ನಿಪ್ಪಲ್, ವೀಲ್ ಸಿಲಿಂಡರಿನ ಕಿಟ್‌ಗಳ ಖರ್ಚು ನಮ್ಮದೇ ಆಯಿತು; ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ತರಬೇಕಾಯಿತು. 2014ರಲ್ಲಿ ತಯಾರಿಕೆಯೇ ನಿಂತ ಕಾರಿನ ಬಿಡಿಭಾಗ ಮುರಿದುಕೊಂಡ ಮೇಲೆ ಹುಡುಕುವ ಕಷ್ಟ ಅನುಭವಿಸಿದವರಿಗೆ ಗೊತ್ತು.

ಹೀಗೆ ಕೆಲಸ ಮಾಡಿಸಿ ಈಗಾಗಲೇ ಗಾಡಿ ಮನೆಗೆ ತಂದಿರುವವರು ಒಂದೊಂದೇ ಚಕ್ರಕ್ಕೆ ಜಾಕಿ ಕೊಟ್ಟೆತ್ತಿ, ಬ್ರೇಕ್ ಒತ್ತಿ ಬಿಡಿಸಿ, ಚಕ್ರ ಕೈಯಲ್ಲಿ ಸಲೀಸಾಗಿ ಸುತ್ತುತ್ತದೆಯೇ ನೋಡಿ. ನಂತರ ಡ್ರಮ್ ಇಳಿಸಿ ಹಬ್ ತಾಗುವ ಮುಖ ನೋಡಿ. ಅಲ್ಲಿ ಬಣ್ಣ ಕಂಡರೆ ಅದನ್ನು ಕೆರೆಸಿ ತೆಗೆಸಿ ನಟ್‌ಗಳನ್ನು ಸರಿಯಾದ ಟಾರ್ಕ್‌ಗೆ ಮತ್ತೆ ಬಿಗಿಸುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.